ಪೆಬಲ್ ಬೀಚ್: ಸೈಟು ಮಾರಲು ಬಂದವನು ಉಳಿಸಿಕೊಂಡ ಕಡಲ ದಂಡೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಮುಂದಿನ ವಾರ ಮಾಂಟೆರಿ ಕಡೆಗೆ ಕರೆದುಕೊಂಡು ಹೋಗಿ, ಅಲ್ಲಿನ ಹೆಸರಾಂತ ಗಾಲ್ಫ್ ಮೈದಾನ ಪೆಬಲ್ ಬೀಚ್ ತೋರಿಸಬೇಕೆಂದಿದ್ದೇವೆ. ಮನೆಯಲ್ಲಿ ಯಾರೂ ಗಾಲ್ಫ್ ಆಡುವವರಲ್ಲ. ಅಲ್ಲಿ ಒಂದು ಸುತ್ತು ಆಡಲು ಆರುನೂರಕ್ಕೂ ಹೆಚ್ಚು ಡಾಲರ್ ಅಂತೆ, ಸಮುದ್ರದ ಪಕ್ಕದ ರಸ್ತೆಗೂ ದುಡ್ಡು ಕೊಡಬೇಕಂತೆ. ಆ ಜಾಗ ಯಾರದು? ಅಷ್ಟು ಹೆಸರು ಯಾಕೆ ಬಂತು? ಆಡದವರಿಗೆ ಅಲ್ಲಿ ನೋಡಲು ಏನಾದರೂ ಇದೆಯೇ?

ಉತ್ತರ: ಜಾಗ ಖಾಸಗಿ, ರಸ್ತೆಯೂ ಖಾಸಗಿ. ಎರಡೂ ಪೆಬಲ್ ಬೀಚ್ ಕಂಪನಿಯ ಒಡೆತನದಲ್ಲಿವೆ. ಆದರೆ ಬಹಳ ಜನ ತಿಳಿದಂತೆ ಅದು ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ಕ್ಲಬ್ ಅಲ್ಲ. ದುಡ್ಡು ಕೊಟ್ಟವರು ಯಾರು ಬೇಕಾದರೂ ಆಡಬಹುದು. ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಯು.ಎಸ್. ಓಪನ್ ಮೊದಲ ಬಾರಿಗೆ ಸಾರ್ವಜನಿಕರು ಆಡಬಹುದಾದ ಮೈದಾನವೊಂದರಲ್ಲಿ ನಡೆದದ್ದು ಇಲ್ಲೇ, 1972ರಲ್ಲಿ. ಇನ್ನು ಹೆಸರು ಯಾಕೆ ಬಂತು ಎಂಬುದಕ್ಕೆ ಗಾಲ್ಫ್ ಅರ್ಧ ಉತ್ತರ ಮಾತ್ರ. ಉಳಿದರ್ಧ ಜಮೀನಿನ ವ್ಯವಹಾರ. ಅದನ್ನು ಹಿಡಿದು ಹೊರಟರೆ ಉಳಿದ ವಿಚಿತ್ರಗಳೆಲ್ಲ ಒಂದೊಂದಾಗಿ ಅರ್ಥವಾಗುತ್ತವೆ.

ಈ ದಂಡೆ ಮೂಲತಃ ರುಮ್ಸೆನ್ ಒಲೋನಿ ಬುಡಕಟ್ಟಿನವರದು. ಮೆಕ್ಸಿಕೊ ಆಳ್ವಿಕೆಯಲ್ಲಿ ಅದು ಪೆಸ್ಕಡೆರೊ ಎಂಬ ದೊಡ್ಡ ಜಮೀನಾಯಿತು. ಕ್ಯಾಲಿಫೋರ್ನಿಯಾ ಅಮೆರಿಕದ ಪಾಲಾದ ಮೇಲೆ ಡೇವಿಡ್ ಜ್ಯಾಕ್ಸ್ ಎಂಬ ಸ್ಕಾಟ್ಲೆಂಡ್ ಮೂಲದ ವ್ಯಾಪಾರಿ ರಂಗಕ್ಕೆ ಬಂದ. 1859ರಲ್ಲಿ ಮಾಂಟೆರಿ ಊರಿನ ಸಾಲ ತೀರಿಸಲು ಊರಿನ ಜಮೀನನ್ನೇ ಹರಾಜು ಹಾಕಿದಾಗ ಅವನೂ ಅವನ ಪಾಲುದಾರನೂ ಸೇರಿ ಸಾವಿರಾರು ಎಕರೆಯನ್ನು 1,002 ಡಾಲರ್ 50 ಸೆಂಟ್‌ಗೆ ಹೊಡೆದುಕೊಂಡರು. ಅಂಗಡಿಗಳಲ್ಲಿ ಸಿಗುವ ಮಾಂಟೆರಿ ಜ್ಯಾಕ್ ಚೀಸ್‌ಗೆ ಅಂಟಿಕೊಂಡಿರುವುದು ಇವನ ಹೆಸರೇ. ಕಾಡು ತುಂಬಿದ ಕಡಲ ದಂಡೆಯನ್ನೂ ಅವನು ಸೇರಿಸಿಕೊಂಡ. 1880ರಲ್ಲಿ ಸುಮಾರು 7,000 ಎಕರೆಯನ್ನು ಎಕರೆಗೆ 5 ಡಾಲರಿನಂತೆ ಪೆಸಿಫಿಕ್ ಇಂಪ್ರೂವ್‌ಮೆಂಟ್ ಕಂಪನಿಗೆ ಮಾರಿದ. ಅದು ರೈಲು ದೊರೆಗಳ ಕಂಪನಿ: ಚಾರ್ಲ್ಸ್ ಕ್ರಾಕರ್, ಲೀಲೆಂಡ್ ಸ್ಟ್ಯಾನ್‌ಫರ್ಡ್, ಕಾಲಿಸ್ ಹಂಟಿಂಗ್ಟನ್, ಮಾರ್ಕ್ ಹಾಪ್ಕಿನ್ಸ್ ಎಂಬ ನಾಲ್ವರ ಗುಂಪಿನದು. ನಿಮ್ಮ ಮನೆಯಿಂದ ಕೂಗಳತೆಯ ವಿಶ್ವವಿದ್ಯಾಲಯ ಕಟ್ಟಿದ ಸ್ಟ್ಯಾನ್‌ಫರ್ಡ್ ಇವನೇ.

ರೈಲು ಹಳಿ ಹಾಕಿದ ಮೇಲೆ ಅದರಲ್ಲಿ ಜನ ಓಡಾಡಬೇಕಲ್ಲ. ಅದಕ್ಕೆಂದೇ 1880ರಲ್ಲಿ ಮಾಂಟೆರಿಯಲ್ಲಿ ಹೋಟೆಲ್ ಡೆಲ್ ಮಾಂಟೆ ಎದ್ದಿತು. ಸ್ಯಾನ್ ಫ್ರಾನ್ಸಿಸ್ಕೊದ ಶ್ರೀಮಂತರು ರೈಲಿನಲ್ಲಿ ಬಂದು ವಾರಗಟ್ಟಲೆ ಉಳಿಯುವ ಜಾಗ ಅದು. ಅವರ ಹೊತ್ತು ಹೋಗಲೆಂದು 1881ರಲ್ಲಿ ಕುದುರೆ ಗಾಡಿಗಳಿಗೆ ಒಂದು ಸುತ್ತುದಾರಿ ಮಾಡಿದರು. ಹೋಟೆಲಿನಿಂದ ಹೊರಟು, ಕಾಡು, ಕಡಲು ಸುತ್ತಿ, ಮತ್ತೆ ಹೋಟೆಲಿಗೆ ಬಂದರೆ 17 ಮೈಲಿ. ಇವತ್ತಿನ 17-ಮೈಲ್ ಡ್ರೈವ್ ಅದೇ. ಹೋಟೆಲಿನ ಕಡೆಯ ತುಂಡು ಈಗ ಗೇಟಿನ ಹೊರಗೆ ಊರಿನ ಬೀದಿಗಳಲ್ಲಿ ಸೇರಿಹೋಗಿದೆ, ಹಾಗಾಗಿ ಟೋಲ್ ಕೊಟ್ಟು ಒಳಗೆ ಹೋದವರು ಮೀಟರ್ ನೋಡಿದರೆ 17 ಮೈಲಿ ಆಗುವುದಿಲ್ಲ. ಹೋಟೆಲ್ 1887ರಲ್ಲೊಮ್ಮೆ, 1924ರಲ್ಲೊಮ್ಮೆ ಸುಟ್ಟು, ಎರಡು ಸಲವೂ ಮತ್ತೆ ಎದ್ದಿತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಅದನ್ನು ಬಾಡಿಗೆಗೆ ಹಿಡಿದು, ಆಮೇಲೆ ಕೊಂಡುಕೊಂಡಿತು. ಅದೀಗ ನೇವಲ್ ಪೋಸ್ಟ್‌ಗ್ರ್ಯಾಜುಯೇಟ್ ಸ್ಕೂಲಿನ ಮುಖ್ಯ ಕಟ್ಟಡ.

ಆ ಹೋಟೆಲಿನ ಹೆಸರು ನಮ್ಮ ಅಡುಗೆಮನೆಗೂ ಬಂದಿದೆ. 1880ರ ದಶಕದಲ್ಲಿ ಓಕ್‌ಲ್ಯಾಂಡಿನ ದಿನಸಿ ವ್ಯಾಪಾರಿಯೊಬ್ಬ ಈ ಹೋಟೆಲಿಗೆಂದು ತಯಾರಿಸಿದ ಉತ್ತಮ ದರ್ಜೆಯ ಕಾಫಿಗೆ ಡೆಲ್ ಮಾಂಟೆ ಎಂದು ಹೆಸರಿಟ್ಟ. ಅದು ಹಣ್ಣಿನ ಡಬ್ಬಿಗಳಿಗೆ ಹರಡಿ ಜಗತ್ತೆಲ್ಲ ಸುತ್ತಿತು. ಬೆಂಗಳೂರಿನ ಅಂಗಡಿಗಳಲ್ಲಿ ಕಾಣುವ ಡೆಲ್ ಮಾಂಟೆ ಕೆಚಪ್ಪಿನ ಬಾಟಲಿಯ ಮೇಲಿರುವುದು ಈ ರೈಲು ಹೋಟೆಲಿನ ಹೆಸರು. ಅಪ್ಪ-ಅಮ್ಮನಿಗೆ ಹೇಳಿ, ಗಾಲ್ಫಿಗಿಂತ ಇದು ಬೇಗ ಹತ್ತಿರವಾಗುತ್ತದೆ.

ರೈಲಿನವರು ಬರುವ ಮೊದಲೇ ಈ ದಂಡೆಯಲ್ಲಿ ಚೀನೀ ಮೀನುಗಾರರು ನೆಲೆಸಿದ್ದರು. ಬಂಡೆಗಳಿಗೆ ಅಂಟಿಕೊಂಡಿರುವ ಅಬಲೋನಿ ಎಂಬ ಚಿಪ್ಪುಜೀವಿಯನ್ನು ಕಿತ್ತು ಒಣಗಿಸಿ ಮಾರುತ್ತಿದ್ದರು. ಇವತ್ತು ಮೈದಾನದ 17ನೇ ಹೋಲಿನ (ಹೊಡೆತ ಶುರುವಾಗುವ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದೊಂದು ಹಂತವೂ ಒಂದು ಹೋಲ್, ಒಟ್ಟು 18) ಪಕ್ಕ ಕಾಣುವ ಸ್ಟಿಲ್‌ವಾಟರ್ ಕೋವ್ ಎಂಬ ಸಣ್ಣ ಕೊಲ್ಲಿಯ ಆಸುಪಾಸಿನಲ್ಲಿ ಅವರ ಗುಡಿಸಲುಗಳಿದ್ದವು. ಕುದುರೆ ಗಾಡಿಯಲ್ಲಿ ಬಂದ ಹೋಟೆಲ್ ಅತಿಥಿಗಳಿಗೆ ದಾರಿಬದಿಯಲ್ಲಿ ಚಿಪ್ಪು, ನುಣುಪು ಕಲ್ಲು ಮಾರುತ್ತಿದ್ದವರೂ ಅವರೇ. ಅಂದರೆ ಪೆಬಲ್ ಬೀಚಿನ ಮೊದಲ ಪ್ರವಾಸಿ ಅಂಗಡಿ ಚೀನೀಯರದು. ಪಕ್ಕದ ಪೆಸಿಫಿಕ್ ಗ್ರೋವ್‌ನಲ್ಲಿದ್ದ ಅವರ ದೊಡ್ಡ ಕೇರಿಗೆ 1906ರ ಮೇ ತಿಂಗಳಲ್ಲಿ ಬೆಂಕಿ ಬಿತ್ತು. ಆ ನೆಲವೂ ಇದೇ ರೈಲು ಕಂಪನಿಯದು. ಮತ್ತೆ ಅಲ್ಲಿ ಮನೆ ಕಟ್ಟಲು ಕಂಪನಿ ಬಿಡಲಿಲ್ಲ.

ಇನ್ನು ಗಾಲ್ಫ್. 1915ರಲ್ಲಿ ಪೆಸಿಫಿಕ್ ಇಂಪ್ರೂವ್‌ಮೆಂಟ್ ಕಂಪನಿಯ ಆಸ್ತಿಗಳನ್ನು ಮಾರಿ ಮುಗಿಸಲೆಂದು ಸ್ಯಾಮ್ಯುಯಲ್ ಎಫ್.ಬಿ. ಮೋರ್ಸ್ ಎಂಬ ಯುವಕನನ್ನು ನೇಮಿಸಿದರು. ತಂತಿ ಸಂದೇಶದ ಮೋರ್ಸ್‌ಗೆ ಇವನು ದೂರದ ಸಂಬಂಧಿ. ಅಷ್ಟು ಹೊತ್ತಿಗೆ ಕಡಲ ದಂಡೆಯುದ್ದಕ್ಕೂ ಮನೆ ಸೈಟುಗಳ ನಕ್ಷೆ ಆಗಿತ್ತು, ಕೆಲವು ಮಾರಾಟವೂ ಆಗಿದ್ದವು. ಎಲ್ಲ ರಿಯಲ್ ಎಸ್ಟೇಟ್‌ನವರೂ ಮಾಡುವ ಲೆಕ್ಕ ಅದು: ನೀರಿನ ಅಂಚಿಗೆ ಬೆಲೆ ಜಾಸ್ತಿ, ಅದನ್ನೇ ಮೊದಲು ಮಾರು. ಮೋರ್ಸ್ ತಿರುಗಿಸಿ ಲೆಕ್ಕ ಹಾಕಿದ. ಅಂಚಿನ ಒಂದು ಸಾಲು ಮಾರಿದರೆ ಆ ಸಾಲಿನವರಿಗೆ ಮಾತ್ರ ಕಡಲು ಕಾಣುತ್ತದೆ, ಹಿಂದಿನ ಸಾವಿರಾರು ಎಕರೆಗೆ ಬರೀ ಅವರ ಹಿತ್ತಲು ಕಾಣುತ್ತದೆ. ಅಂಚನ್ನು ಹಸಿರಾಗಿ ಖಾಲಿ ಬಿಟ್ಟರೆ ಹಿಂದಿನ ಜಮೀನಿನ ಬೆಲೆ ಏರುತ್ತದೆ. ಹಸಿರಾಗಿ ಖಾಲಿ ಬಿಡುವ ನೆವವೇ ಗಾಲ್ಫ್. ಮಾರಿದ್ದ ಸೈಟುಗಳನ್ನು ಅವನು ಒಂದೊಂದಾಗಿ ವಾಪಸ್ ಕೊಂಡ. ಒಂದು ಮಾತ್ರ ಸಿಗಲಿಲ್ಲ. ಅದರ ಕಥೆ ಮುಂದೆ ಬರುತ್ತದೆ. 1919ರಲ್ಲಿ ಬ್ಯಾಂಕರ್ ಹರ್ಬರ್ಟ್ ಫ್ಲೈಷ್‌ಹ್ಯಾಕರ್ ಬೆಂಬಲದಿಂದ, ಮಾರಬೇಕಾಗಿದ್ದ ಆಸ್ತಿಯನ್ನು ಸುಮಾರು 13 ಲಕ್ಷ ಡಾಲರಿಗೆ ತಾನೇ ಕೊಂಡು ಡೆಲ್ ಮಾಂಟೆ ಪ್ರಾಪರ್ಟೀಸ್ ಕಂಪನಿ ಕಟ್ಟಿದ. 1969ರಲ್ಲಿ ಸಾಯುವವರೆಗೂ ಆ ಕಾಡಿನ ಯಜಮಾನಿಕೆ ಅವನದೇ.

ಮೈದಾನದ ನಕ್ಷೆ ಮಾಡಿದ ಜ್ಯಾಕ್ ನೆವಿಲ್ ಮತ್ತು ಡಗ್ಲಾಸ್ ಗ್ರ್ಯಾಂಟ್ ಇಬ್ಬರಿಗೂ ಅದಕ್ಕೆ ಮುಂಚೆ ಮೈದಾನ ಕಟ್ಟಿ ಗೊತ್ತಿರಲಿಲ್ಲ. ಇಬ್ಬರೂ ಒಳ್ಳೆಯ ಹವ್ಯಾಸಿ ಆಟಗಾರರು, ಅಷ್ಟೇ. ನೆವಿಲ್‌ಗೆ ಇದೇ ಕಂಪನಿಯಲ್ಲಿ ಸೈಟು ಮಾರುವ ಕೆಲಸ. ಅವನ ಜಾಣತನ ಇರುವುದು ದಾರಿ ಹಾಕಿದ ರೀತಿಯಲ್ಲಿ. ಕಡಲ ಪಕ್ಕ ಒಂದೇ ಸಾಲಿನಲ್ಲಿ ಹೋಗಿ ಒಳನಾಡಿನಲ್ಲಿ ವಾಪಸ್ ಬಂದಿದ್ದರೆ ದಂಡೆಯ ಅಂದ ಒಂದೇ ಕಂತಿನಲ್ಲಿ ಮುಗಿದುಹೋಗುತ್ತಿತ್ತು. ಅವನು 8ರ ಅಂಕಿಯ ಹಾಗೆ ಸುತ್ತಿಸಿದ. ಮೊದಲ ಮೂರು ಹೋಲ್ ಒಳಗೆ, ನಾಲ್ಕರಿಂದ ಹತ್ತರವರೆಗೆ ಬಂಡೆಯ ಅಂಚಿನಲ್ಲಿ, 11ರಿಂದ 16 ಮತ್ತೆ ಕಾಡಿನ ಕಡೆ, ಕೊನೆಯ ಎರಡು ಮತ್ತೆ ಕಡಲಿಗೆ. 1919ರ ಫೆಬ್ರವರಿ 22ರಂದು ಮೈದಾನವೂ ಹೊಸ ಲಾಡ್ಜೂ ಒಟ್ಟಿಗೆ ತೆರೆದವು. ಹಳೆಯ ಮರದ ದಿಮ್ಮಿಗಳ ಲಾಡ್ಜ್ 1917ರ ಡಿಸೆಂಬರ್‌ನಲ್ಲಿ ಸುಟ್ಟುಹೋಗಿತ್ತು.

ಇವತ್ತು ಕಾಣುವುದೆಲ್ಲ ಅವರಿಬ್ಬರ ಕೆಲಸವಲ್ಲ. ಕಡಲಿಗೆ ಅಂಟಿಕೊಂಡು ಎಡಕ್ಕೆ ಬಾಗುವ 18ನೇ ಹೋಲ್ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವಂಥದು. ಮೊದಲು ಅದು 400 ಗಜವೂ ಇರದ ಸಾಧಾರಣ ಪಾರ್ 4, ಅಂದರೆ ಒಳ್ಳೆಯ ಆಟಗಾರ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. 1922ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫೌಲರ್ ಅದನ್ನು ಉದ್ದ ಮಾಡಿ ಪಾರ್ 5 ಮಾಡಿದ. ಈಗ ಅದು 540 ಗಜದ ಆಸುಪಾಸು. 8 ಮತ್ತು 13ನೇ ಗ್ರೀನ್‌ಗಳನ್ನು, ಅಂದರೆ ಕುಳಿಯ ಸುತ್ತಲ ನುಣುಪು ಹುಲ್ಲಿನ ಜಾಗಗಳನ್ನು, ಅಲಿಸ್ಟರ್ ಮೆಕೆಂಜಿ ಎಂಬ ಮೈದಾನ ವಿನ್ಯಾಸಕ ತಿದ್ದಿದ. 1929ರ ಯು.ಎಸ್. ಅಮೆಚೂರ್ ಎಂಬ ಹವ್ಯಾಸಿಗಳ ಪಂದ್ಯಕ್ಕೆಂದು ಚಾಂಡ್ಲರ್ ಈಗನ್ ಎಂಬ ಆಟಗಾರ ಬಹುತೇಕ ಗ್ರೀನ್‌ಗಳನ್ನು ಮತ್ತೆ ಕಟ್ಟಿ, ಬಂಕರ್ ಎಂಬ ಮರಳ ಗುಂಡಿಗಳ ಸುತ್ತ ಕೃತಕ ಮರಳ ದಿಬ್ಬಗಳನ್ನು ಎಬ್ಬಿಸಿದ.

ಆ 1929ರ ಪಂದ್ಯದಲ್ಲಿ ಒಂದು ಎಡವಟ್ಟಾಯಿತು. ಜನ ಬಂದದ್ದು ಆ ಕಾಲದ ದೇವರಂಥ ಆಟಗಾರ ಬಾಬಿ ಜೋನ್ಸ್‌ನನ್ನು ನೋಡಲು. ಅವನು ಮೊದಲ ಸುತ್ತಿನಲ್ಲೇ ಸೋತ. ಸೋಲಿಸಿದವನು ಒಮಾಹಾದ ಜಾನಿ ಗುಡ್‌ಮನ್. ರೈಲು ಟಿಕೆಟ್ಟಿಗೆ ದುಡ್ಡಿಲ್ಲದೆ, ದನ ಸಾಗಿಸುವ ರೈಲಿನಲ್ಲಿ ದನಗಾಹಿಯ ಪಾಸ್ ಹಿಡಿದು ಬಂದಿದ್ದ ಹುಡುಗ. ಮುಂದೆ 1933ರಲ್ಲಿ ಅವನು ಯು.ಎಸ್. ಓಪನ್ ಗೆದ್ದ, ಅದಾದ ಮೇಲೆ ಇಂದಿನವರೆಗೆ ಯಾವ ಹವ್ಯಾಸಿಯೂ ಅದನ್ನು ಗೆದ್ದಿಲ್ಲ. ಇತ್ತ ಸೋತು ಕೈ ಖಾಲಿಯಾದ ಜೋನ್ಸ್ ಪಕ್ಕದಲ್ಲಿ ಮೆಕೆಂಜಿ ಹೊಸದಾಗಿ ಕಟ್ಟಿದ್ದ ಸೈಪ್ರೆಸ್ ಪಾಯಿಂಟ್ ಮೈದಾನದಲ್ಲಿ ಆಡಿದ, ಮೆಚ್ಚಿದ. ಮುಂದೆ ತನ್ನ ಅಗಸ್ಟಾ ನ್ಯಾಷನಲ್ ಎಂಬ ಮೈದಾನ ಕಟ್ಟಲು ಅವನು ಆರಿಸಿಕೊಂಡದ್ದು ಮೆಕೆಂಜಿಯನ್ನು.

ಮೋರ್ಸ್‌ಗೆ ಸಿಗದ ಆ ಒಂದು ಸೈಟಿಗೆ ಬರೋಣ. 1915ರಲ್ಲಿ ವಿಲಿಯಂ ಬೀಟಿ ಎಂಬವರು ಕೊಂಡಿದ್ದ ಐದಾರು ಎಕರೆ ಅದು. ನಾಲ್ಕನೇ ಮತ್ತು ಆರನೇ ಹೋಲ್‌ಗಳ ನಡುವೆ, ಬಂಡೆಯ ಅಂಚಿನಲ್ಲೇ. ಅವರು ವಾಪಸ್ ಕೊಡಲಿಲ್ಲ. ಹಾಗಾಗಿ ಐದನೇ ಹೋಲನ್ನು ಕಡಲಿಗೆ ಬೆನ್ನು ಹಾಕಿಸಿ, ಮರಗಳ ನಡುವೆ ಏರುದಾರಿಯಲ್ಲಿ ಕಟ್ಟಬೇಕಾಯಿತು. ಇಡೀ ಮೈದಾನದಲ್ಲಿ ಎಲ್ಲರೂ ಮೂಗು ಮುರಿಯುತ್ತಿದ್ದದ್ದು ಅದಕ್ಕೆ. ಸುಮಾರು ಎಂಬತ್ತು ವರ್ಷ ಅದು ಹಾಗೇ ಇತ್ತು. 1995ರಲ್ಲಿ ಕಂಪನಿ ಆ ಜಾಗವನ್ನು 87.5 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಾಸ್ ವಿನ್ಯಾಸದ ಹೊಸ ಐದನೇ ಹೋಲ್ 1998ರಲ್ಲಿ ತೆರೆಯಿತು. 1919ರಲ್ಲಿ ಇಡೀ ಕಾಡು, ಹೋಟೆಲ್ ಎಲ್ಲ ಸೇರಿ ಕೊಟ್ಟದ್ದರ ಆರು ಪಟ್ಟಿಗೂ ಹೆಚ್ಚು ಹಣ ಒಂದೇ ಒಂದು ಹೋಲಿನ ನೆಲಕ್ಕೆ ಹೋಯಿತು.

ಮಾರಿದ ಸೈಟುಗಳ ಕ್ರಯಪತ್ರಗಳಲ್ಲಿ ಇನ್ನೊಂದು ಷರತ್ತೂ ಇರುತ್ತಿತ್ತು. ಏಷ್ಯಾ, ಆಫ್ರಿಕಾ ಮೂಲದವರು ಇಲ್ಲಿ ಮನೆ ಕೊಳ್ಳುವಂತಿಲ್ಲ, ಮನೆಗೆಲಸದವರಾಗಿ ಅಲ್ಲದೆ ವಾಸಿಸುವಂತಿಲ್ಲ. ಆ ಕಾಲದ ಅಮೆರಿಕದ ಬಹಳಷ್ಟು ಬಡಾವಣೆಗಳಲ್ಲಿ ಇದ್ದ ಷರತ್ತೇ ಇದು. ಭಾರತೀಯರೂ ಅದರಲ್ಲಿ ಸೇರುತ್ತಿದ್ದರು. ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಕಾನೂನಿನ ಲೆಕ್ಕದಲ್ಲಿ ಬಿಳಿಯರಲ್ಲ ಎಂದಿತ್ತು. 1948ರಲ್ಲಿ ಅದೇ ಕೋರ್ಟು ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು, 1968ರ ಕಾನೂನು ಪೂರ್ತಿ ನಿಷೇಧಿಸಿತು. ಸುಂದರ ಫೋಟೊಗಳ ಪುಸ್ತಕಗಳಲ್ಲಿ ಈ ಪುಟ ಇರುವುದಿಲ್ಲ.

ಪೆಬಲ್ ಬೀಚನ್ನು ಮನೆಮಾತಾಗಿಸಿದವನು ಹಾಡುಗಾರ ಬಿಂಗ್ ಕ್ರಾಸ್ಬಿ. 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವೃತ್ತಿಪರರನ್ನೂ ಸಿನಿಮಾದವರನ್ನೂ ಜೋಡಿ ಮಾಡಿ ಅವನು ಶುರು ಮಾಡಿದ ಪಂದ್ಯ 1947ರಲ್ಲಿ ಇಲ್ಲಿಗೆ ಬಂತು. ಟಿ.ವಿ. ಬಂದ ಮೇಲೆ ಚಳಿಗಾಲದಲ್ಲಿ ಹಿಮದಡಿ ಕೂತಿದ್ದ ಅರ್ಧ ಅಮೆರಿಕಕ್ಕೆ ಈ ನೀಲಿ ಕಡಲು ಕಂಡಿತು. ತಮಾಷೆಯೆಂದರೆ ಪಂದ್ಯ ನಡೆಯುವುದು ಅಲ್ಲಿನ ಮಳೆಗಾಲದಲ್ಲೇ. 1962ರಲ್ಲಿ ಹಿಮವೇ ಬಿತ್ತು. 1996ರಲ್ಲಿ ಮಳೆಯಿಂದ ಪಂದ್ಯವೇ ರದ್ದು. 1998ರಲ್ಲಿ ಚಳಿಗಾಲದಲ್ಲಿ ನಿಂತ ಪಂದ್ಯದ ಕೊನೆಯ ಸುತ್ತು ಆಡಿದ್ದು ಆಗಸ್ಟ್‌ನಲ್ಲಿ. 2024ರಲ್ಲಿ ಬಿರುಗಾಳಿಗೆ ಕೊನೆಯ ದಿನದ ಆಟ ಕೈಬಿಟ್ಟು, ಹಿಂದಿನ ದಿನ 60 ಹೊಡೆತದಲ್ಲಿ ಸುತ್ತು ಮುಗಿಸಿ ಮೈದಾನದ ದಾಖಲೆ ಬರೆದಿದ್ದ ವಿಂಡಮ್ ಕ್ಲಾರ್ಕ್‌ಗೆ ಕಪ್ ಕೊಟ್ಟರು. ಯು.ಎಸ್. ಓಪನ್ ಇಲ್ಲಿ ಆರು ಸಲ ನಡೆದಿದೆ: 1972, 1982, 1992, 2000, 2010, 2019. ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ 2000 ಸಾಕು. ಟೈಗರ್ ವುಡ್ಸ್ ಪಾರ್‌ಗಿಂತ 12 ಕಡಿಮೆ ಹೊಡೆತದಲ್ಲಿ ಮುಗಿಸಿದ. ಎರಡನೇ ಸ್ಥಾನದವರು ಪಾರ್‌ಗಿಂತ 3 ಹೆಚ್ಚು. 15 ಹೊಡೆತಗಳ ಅಂತರ. ಮಹಿಳೆಯರ ಯು.ಎಸ್. ಓಪನ್ ಇಲ್ಲಿಗೆ ಬರಲು 2023 ಆಗಬೇಕಾಯಿತು.

ಗಾಲ್ಫ್ ಆಡದವರಿಗೂ ಅರ್ಥವಾಗುವ ಹೋಲ್ ಏಳನೆಯದು. ಉದ್ದ ಕೇವಲ 106 ಗಜ, ಅಂದರೆ 97 ಮೀಟರ್. ದೊಡ್ಡ ಚಾಂಪಿಯನ್‌ಷಿಪ್‌ಗಳು ನಡೆಯುವ ಮೈದಾನಗಳಲ್ಲಿ ಇಷ್ಟು ಗಿಡ್ಡ ಹೋಲ್ ಬೇರೆ ಇಲ್ಲ. ಎತ್ತರದಿಂದ ಕೆಳಗೆ, ಮೂರು ಕಡೆ ಕಡಲಿರುವ ಪುಟ್ಟ ಗ್ರೀನಿಗೆ ಹೊಡೆಯಬೇಕು. ಗಾಳಿ ಇಲ್ಲದ ದಿನ ವೃತ್ತಿಪರನಿಗೆ ಅದು ವೆಜ್ ಎಂಬ ಗಿಡ್ಡ ಹೊಡೆತದ ಕೋಲಿನಿಂದ ಎತ್ತಿ ಹಾಕುವಷ್ಟೇ ಕೆಲಸ. ಕಡಲ ಕಡೆಯಿಂದ ಗಾಳಿ ಎದ್ದರೆ ಚೆಂಡು ಎತ್ತರಕ್ಕೆ ಹೋದಷ್ಟೂ ನಷ್ಟ, ಗಾಳಿ ಅದನ್ನು ಅಲ್ಲೇ ತಡೆದು ಬಂಕರ್‌ಗೆ ಬೀಳಿಸುತ್ತದೆ. 1992ರ ಯು.ಎಸ್. ಓಪನ್ನಿನ ಕೊನೆಯ ದಿನ ಅಂಥದೇ ಗಾಳಿ. ಇನ್ನೂ ದೂರದ ಹೊಡೆತಕ್ಕೆ ಬಳಸುವ ಐರನ್ ಎಂಬ ಕೋಲುಗಳನ್ನು ತೆಗೆದು ತಗ್ಗಿನಲ್ಲೇ ಚೆಂಡು ತೂರಿಸಬೇಕಾಯಿತು. ಗೆದ್ದ ಟಾಮ್ ಕೈಟ್ ಅಂದು ಏಳನೇ ಗ್ರೀನನ್ನು ತಪ್ಪಿಸಿಕೊಂಡ, ಆದರೆ ಪಕ್ಕದ ಹುಲ್ಲಿನಿಂದಲೇ ಚೆಂಡನ್ನು ಕುಳಿಗೆ ಇಳಿಸಿದ.

ಇಲ್ಲಿನ ನಿಜವಾದ ಕಷ್ಟ ಉದ್ದದಲ್ಲಿ ಇಲ್ಲ, ಗ್ರೀನ್‌ಗಳ ಅಳತೆಯಲ್ಲಿದೆ. ಕುಳಿ ಇರುವ ನುಣುಪು ಹುಲ್ಲಿನ ಜಾಗ ಸರಾಸರಿ 3,500 ಚದರ ಅಡಿ. ನಮ್ಮ ಲೆಕ್ಕದಲ್ಲಿ 40-60 ಸೈಟು ಒಂದೂವರೆಯಷ್ಟೂ ಆಗುವುದಿಲ್ಲ. ಅಮೆರಿಕದ ವೃತ್ತಿಪರ ಪಂದ್ಯಗಳ ಮೈದಾನಗಳಲ್ಲೇ ಇವು ಅತಿ ಚಿಕ್ಕವು. ಅವು ಕಟ್ಟಿದಾಗ ಇದ್ದಷ್ಟೂ ಉಳಿಯಲಿಲ್ಲ ಎಂಬುದು ಬಲ್ಲವರಿಗೆ ಮಾತ್ರ ಗೊತ್ತು. ಹುಲ್ಲು ಕತ್ತರಿಸುವವರು ಅಂಚು ತಪ್ಪಬಾರದೆಂದು ಪ್ರತಿ ಸಲ ಯಂತ್ರವನ್ನು ಒಂಚೂರು ಒಳಗೇ ತಿರುಗಿಸುತ್ತಾರೆ. ಬಂಕರ್‌ನಿಂದ ಹೊಡೆದಾಗೆಲ್ಲ ಹಿಡಿಯಷ್ಟು ಮರಳು ಅಂಚಿಗೆ ಬೀಳುತ್ತದೆ. ಎರಡೂ ಸೇರಿ ದಶಕಗಳಲ್ಲಿ ಗ್ರೀನ್ ಒಳಕ್ಕೆ ಸರಿಯುತ್ತದೆ, ಅಂಚು ದಿಬ್ಬವಾಗಿ ಏಳುತ್ತದೆ. 14ನೇ ಗ್ರೀನಿನಲ್ಲಿ ಕುಳಿ ಕೊರೆಯಲು ಸಮತಟ್ಟಾದ ಜಾಗವೇ ಕಡಿಮೆಯಾಗಿ, ತಳ್ಳಿದ ಚೆಂಡು ಕಾಲ ಬುಡಕ್ಕೇ ವಾಪಸ್ ಉರುಳುತ್ತಿತ್ತು. 2010ರ ದಶಕದಲ್ಲಿ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಇಂಥ ಕೆಲವು ಗ್ರೀನ್‌ಗಳನ್ನು ಅಗಲಿಸಿದರು.

ಆ ಗ್ರೀನ್‌ಗಳ ಹುಲ್ಲು ಪೋವಾ ಆನ್ಯುವಾ. ಬೇರೆ ಮೈದಾನಗಳಲ್ಲಿ ಇದನ್ನು ಕಳೆ ಎಂದು ಕೀಳುತ್ತಾರೆ. ಇಲ್ಲಿನ ತಂಪು, ಮಂಜಿನ ಹವೆಗೆ ಅದು ತಾನಾಗಿ ಬಂದು ನೆಲೆಯೂರಿದೆ, ಹಾಗಾಗಿ ಅದನ್ನೇ ಸಾಕುತ್ತಾರೆ. ಮೂರು ಮಿಲಿಮೀಟರಿಗಿಂತ ಗಿಡ್ಡ ಕತ್ತರಿಸಿದರೂ ಅದು ತೆನೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಒಂದೇ ಗ್ರೀನಿನಲ್ಲಿ ಬೇರೆ ಬೇರೆ ತಳಿಯ ಪೋವಾ ಬೇರೆ ಬೇರೆ ವೇಗದಲ್ಲಿ ಬೆಳೆಯುವುದರಿಂದ ಬೆಳಿಗ್ಗೆ ನುಣುಪಾಗಿದ್ದ ಮೈ ಮಧ್ಯಾಹ್ನದ ಹೊತ್ತಿಗೆ ತರಕಲಾಗುತ್ತದೆ. ಟಿ.ವಿ.ಯಲ್ಲಿ ಸಂಜೆಯ ಆಟದಲ್ಲಿ ಮೂರಡಿಯ ಚೆಂಡೂ ಕುಳಿ ತಪ್ಪುವುದನ್ನು ನೋಡಿದ್ದರೆ, ಆಟಗಾರನನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಈ ಹುಲ್ಲಿಗೆ ನೀರು ಎಲ್ಲಿಂದ ಎಂಬುದು ಪೆಬಲ್ ಬೀಚಿನ ಅತ್ಯಂತ ಕುತೂಹಲದ ಭಾಗ, ಯಾವ ಟೂರಿಸ್ಟ್ ಗೈಡೂ ಹೇಳುವುದಿಲ್ಲ. ಮಾಂಟೆರಿ ಪರ್ಯಾಯದ್ವೀಪಕ್ಕೆ ಕಾಲುವೆಯ ನೀರಿಲ್ಲ, ಆಗ ಕಾರ್ಮೆಲ್ ನದಿ ಮತ್ತು ಬಾವಿಗಳೇ ಗತಿಯಾಗಿದ್ದವು. ಬರಗಾಲದಲ್ಲಿ ಗಾಲ್ಫ್ ಮೈದಾನಕ್ಕೆ ಕುಡಿಯುವ ನೀರು ಹರಿಸುವುದು ನಡೆಯುವ ಮಾತಾಗಿರಲಿಲ್ಲ. ಆದ್ದರಿಂದ ಕಾರ್ಮೆಲ್‌ನ ಒಳಚರಂಡಿ ನೀರನ್ನು ಶುದ್ಧೀಕರಿಸಿ ಮೈದಾನಗಳಿಗೆ ಕೊಡುವ ಯೋಜನೆ 1994ರಲ್ಲಿ ಶುರುವಾಯಿತು. ಇದಕ್ಕೆ ಬೇಕಾದ ಸಾಲಕ್ಕೆ ಪೆಬಲ್ ಬೀಚ್ ಕಂಪನಿ ಜಾಮೀನು ನಿಂತಿತು. ಬದಲಿಗೆ ವರ್ಷಕ್ಕೆ 365 ಎಕರೆ-ಅಡಿ ಕುಡಿಯುವ ನೀರಿನ ಹಕ್ಕು ಪಡೆಯಿತು. ಸುಮಾರು 45 ಕೋಟಿ ಲೀಟರ್. ಹೊಸ ನಲ್ಲಿ ಸಂಪರ್ಕ ಸಿಗುವುದೇ ದುಸ್ತರವಾದ ಊರಿನಲ್ಲಿ ಅದು ಚಿನ್ನದಂಥ ಹಕ್ಕು.

ಮೊದಲ ಕೆಲವು ವರ್ಷಗಳಲ್ಲೇ ಯೋಜನೆ ಎಡವಿತು. ಶುದ್ಧೀಕರಿಸಿದ ನೀರಿನಲ್ಲಿ ಕ್ರಿಮಿ ಇರಲಿಲ್ಲ, ಆದರೆ ಸೋಡಿಯಂ ಲೀಟರಿಗೆ 150 ಮಿಲಿಗ್ರಾಂನಷ್ಟಿತ್ತು. ಸೋಡಿಯಂ ಮಣ್ಣಿನ ಕ್ಯಾಲ್ಸಿಯಂ ಜಾಗಕ್ಕೆ ಬಂದು ಕೂತರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಉಪ್ಪು ತಡೆಯದ ಪೋವಾ ಮೊದಲು ಹಳದಿಯಾಗುತ್ತದೆ. ಉಪ್ಪನ್ನು ಕೆಳಕ್ಕೆ ತೊಳೆಯಲು ಮತ್ತೆ ಸಿಹಿನೀರನ್ನೇ ಹಾಯಿಸಬೇಕಾಯಿತು. ಅಂದರೆ ಯಾವ ನೀರು ಉಳಿಸಲು ಹೊರಟರೋ ಅದನ್ನೇ ಸುರಿದರು. ಎರಡನೇ ಹಂತದಲ್ಲಿ ಕಾಡಿನೊಳಗಿನ ಫಾರೆಸ್ಟ್ ಲೇಕ್ ಎಂಬ ಹಳೆಯ ಜಲಾಶಯವನ್ನು ಸರಿಪಡಿಸಿ, ಚಳಿಗಾಲದ ಹೆಚ್ಚುವರಿ ನೀರನ್ನು ಬೇಸಿಗೆಗೆ ಹಿಡಿದಿಟ್ಟರು. ನಮ್ಮ ಮನೆಗಳ ಆರ್.ಓ. ಫಿಲ್ಟರಿನ ತತ್ವದ್ದೇ ದೊಡ್ಡ ಘಟಕ ಹಾಕಿ ಸೋಡಿಯಂ ಅನ್ನು 55 ಮಿಲಿಗ್ರಾಂಗಿಂತ ಕೆಳಗೆ ತಂದರು. ಖರ್ಚಿಗೆ ಕಂಪನಿ ತನ್ನ ನೀರಿನ ಹಕ್ಕಿನ ಒಂದು ಪಾಲನ್ನು ಆ ಕಾಡಿನ ಮನೆಗಳವರಿಗೆ ಮಾರಿತು. ಸೈಟು ಮಾರುತ್ತಿದ್ದ ಕಂಪನಿ ಕೊನೆಗೆ ನೀರನ್ನೂ ಸೈಟಿನಂತೆಯೇ ಮಾರಿತು ನೋಡಿ.

ಕಡಲಿಗೆ ಹಾರಿದ ಚೆಂಡುಗಳು ಏನಾಗುತ್ತವೆ? ಯಾರೂ ಕೇಳಿರಲಿಲ್ಲ. 2016ರ ಸುಮಾರಿಗೆ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳು ಈ ಕೊಲ್ಲಿಯಲ್ಲಿ ಉಸಿರು ಹಿಡಿದು ಮುಳುಗುವಾಗ ತಳದಲ್ಲಿ ಬರೀ ಬಿಳಿ ಚೆಂಡುಗಳನ್ನು ಕಂಡಳು. ಎರಡು ವರ್ಷದಲ್ಲಿ ಅವಳೂ ಜೊತೆಗಾರರೂ ಎತ್ತಿದ್ದು 50,681 ಚೆಂಡು. ಒಂದರ ತೂಕ ಹೆಚ್ಚೆಂದರೆ 45.93 ಗ್ರಾಂ, ಲೆಕ್ಕ ಹಾಕಿದರೆ ಎರಡು ಟನ್ನಿಗೂ ಮೇಲು. 2019ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವಾಗಿ ಬಂತು. ಅಲೆ ಚೆಂಡನ್ನು ಬಂಡೆಗೆ ಉಜ್ಜಿ ಉಜ್ಜಿ ಹೊರ ಸಿಪ್ಪೆಯ ಪ್ಲಾಸ್ಟಿಕ್ ಸವೆಸುತ್ತದೆ, ಒಳಗಿನ ರಬ್ಬರಿನಲ್ಲಿರುವ ಸತುವಿನ ಸಂಯುಕ್ತಗಳು ನೀರಿಗೆ ಸೇರುತ್ತವೆ. ಇದು ಸಂರಕ್ಷಿತ ಕಡಲು, ಕಡಲ ನೀರುನಾಯಿಗಳ ನೆಲೆ. ಆ ಮೇಲೆ ಕಂಪನಿಯೂ ಚೆಂಡು ಎತ್ತಿಸುವ ಕೆಲಸಕ್ಕೆ ಕೈ ಜೋಡಿಸಿತು.

ಮಾಲೀಕರ ಪಟ್ಟಿಯೂ ಸಿನಿಮೀಯ. 1979ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಇದನ್ನು 7.2 ಕೋಟಿ ಡಾಲರಿಗೆ ಕೊಂಡಿತು. 'ಸ್ಟಾರ್ ವಾರ್ಸ್' ಗಳಿಸಿಕೊಟ್ಟ ಹಣವನ್ನು ಎಲ್ಲಾದರೂ ತೊಡಗಿಸಬೇಕಿತ್ತು. 1990ರಲ್ಲಿ ಜಪಾನಿನ ಉದ್ಯಮಿ ಮಿನೋರು ಇಸುತಾನಿ ಕೊಟ್ಟದ್ದು 84 ಕೋಟಿ ಡಾಲರ್. ಅದಕ್ಕೆ ಮಾಡಿದ ಸಾಲ ತೀರಿಸಲು ಅವನು ಹಾಕಿದ ಉಪಾಯ ಜಪಾನಿನಲ್ಲಿ ಮಾಮೂಲಿ: ಸದಸ್ಯತ್ವ ಮಾರುವುದು, ತಲೆಗೆ 7.4 ಲಕ್ಷ ಡಾಲರಿನಂತೆ. ಕ್ಯಾಲಿಫೋರ್ನಿಯಾದ ಕಡಲತೀರ ಆಯೋಗ ಒಪ್ಪಲಿಲ್ಲ. ಸದಸ್ಯರು ಬೆಳಗಿನ ಹೊತ್ತನ್ನೆಲ್ಲ ಹಿಡಿದರೆ ಸಾರ್ವಜನಿಕರಿಗೆ ಏನು ಉಳಿಯುತ್ತದೆ ಎಂಬುದು ಅದರ ವಾದ. ಯೋಜನೆ ನೆಲ ಕಚ್ಚಿತು. 1992ರಲ್ಲಿ 50 ಕೋಟಿಗೆ ಬೇರೊಂದು ಜಪಾನಿ ಒಕ್ಕೂಟಕ್ಕೆ ಮಾರಿ ಕೈ ಸುಟ್ಟುಕೊಂಡು ಹೋದ. 1999ರಲ್ಲಿ ಉದ್ಯಮಿ ಪೀಟರ್ ಯೂಬರಾತ್, ನಟ ಕ್ಲಿಂಟ್ ಈಸ್ಟ್‌ವುಡ್, ಆಟಗಾರ ಆರ್ನಾಲ್ಡ್ ಪಾಮರ್ ಮುಂತಾದವರ ಗುಂಪು 82 ಕೋಟಿಗೆ ಕೊಂಡಿತು. ಈ ಗುಂಪು ಇನ್ನೊಂದು ಹೊಸ ಮೈದಾನ ಕಟ್ಟಲು ಹೊರಟಾಗ 2007ರಲ್ಲಿ ಅದೇ ಆಯೋಗ ಕಾಡು ಕಡಿಯಲು ಬಿಡುವುದಿಲ್ಲ ಎಂದು ತಡೆಯಿತು. 2012ರ ರಾಜಿಯಲ್ಲಿ ಹೊಸ ಮೈದಾನವಿಲ್ಲದೆ, 635 ಎಕರೆ ಕಾಡನ್ನು ಕಾಯ್ದಿಡುವ ಷರತ್ತಿನ ಮೇಲೆ ಚಿಕ್ಕ ಯೋಜನೆ ಒಪ್ಪಿಗೆ ಪಡೆಯಿತು. ನಿಮ್ಮ ಅಪ್ಪ-ಅಮ್ಮ ಇವತ್ತು ಅಲ್ಲಿ ಕಾಡು ನೋಡಲು ಸಾಧ್ಯವಾಗಿರುವುದರಲ್ಲಿ ಸರ್ಕಾರದ ಮೊಂಡುತನದ ಪಾಲೂ ಇದೆ ಎಂದು ಧಾರಾಳವಾಗಿ ಹೇಳಬಹುದು.

ನೀವು ನೋಡಲಿರುವ ಒಂಟಿ ಸೈಪ್ರೆಸ್ ಮರ ಕಂಪನಿಯ ಲಾಂಛನ. ಬಂಡೆಯ ತುದಿಯ ಆ ಮರಕ್ಕೆ 250 ವರ್ಷಕ್ಕೂ ಮೇಲಾಗಿದೆ ಎನ್ನುತ್ತಾರೆ. ದಶಕಗಳಿಂದ ಅದು ನಿಂತಿರುವುದು ಉಕ್ಕಿನ ತಂತಿಗಳ ಆಸರೆಯಲ್ಲಿ, ಸ್ವಲ್ಪ ಗಮನಿಸಿದರೆ ಕಾಣುತ್ತವೆ. 2019ರ ಫೆಬ್ರವರಿಯ ಬಿರುಗಾಳಿಗೆ ಒಂದು ದೊಡ್ಡ ಕೊಂಬೆ ಮುರಿಯಿತು, ಹಾಗಾಗಿ ಹಳೆಯ ಚಿತ್ರಕ್ಕೂ ಈಗಿನದಕ್ಕೂ ಆಕಾರ ತಾಳೆಯಾಗುವುದಿಲ್ಲ. ಈ ಜಾತಿ ನೈಸರ್ಗಿಕವಾಗಿ ಬೆಳೆಯುವುದು ಜಗತ್ತಿನಲ್ಲಿ ಎರಡೇ ಕಡೆ: ಇಲ್ಲಿ ಮತ್ತು ಕೊಲ್ಲಿಯಾಚೆಯ ಪಾಯಿಂಟ್ ಲೋಬೋಸ್‌ನಲ್ಲಿ. ನೆಟ್ಟದ್ದು ಮಾತ್ರ ಲೋಕವೆಲ್ಲ ಇದೆ, ನಮ್ಮ ನೀಲಗಿರಿಯಲ್ಲೂ. ಮನೆಯವರ ಫೋಟೊ ಎಷ್ಟು ಬೇಕಾದರೂ ತೆಗೆಯಿರಿ. ವ್ಯಾಪಾರಕ್ಕೆ ಬಳಸಿದರೆ ಕಂಪನಿಯ ವಕೀಲರು ಎಚ್ಚರವಾಗುತ್ತಾರೆ. ಟೆಕ್ಸಸ್‌ನಲ್ಲಿ ಪ್ರಸಿದ್ಧ ಹೋಲ್‌ಗಳ ನಕಲು ಮಾಡಿದ 'ಟೂರ್ 18' ಎಂಬ ಮೈದಾನದ ಮೇಲೂ ಇವರು ಕೋರ್ಟಿಗೆ ಹೋಗಿದ್ದರು. 1998ರ ಮೇಲ್ಮನವಿ ತೀರ್ಪು ಚೆನ್ನಾಗಿದೆ: ಪೆಬಲ್ ಬೀಚಿನ ಹೆಸರನ್ನು ಜಾಹೀರಾತಿನಲ್ಲಿ ಆ ರೀತಿ ಬಳಸುವುದು ತಪ್ಪು, ಆದರೆ 14ನೇ ಹೋಲಿನ ಆಕಾರ ನಕಲು ಮಾಡಿದ್ದು ತಪ್ಪಲ್ಲ.

ಈಗ ನಿಮ್ಮ ಪ್ರವಾಸದ ವಿಷಯ. ಗೇಟಿನಲ್ಲಿ ಕಾರಿಗೆ ಸುಮಾರು 12 ಡಾಲರ್. ರಸೀದಿ ಎಸೆಯಬೇಡಿ. ಒಳಗಿನ ಕಂಪನಿಯ ಊಟದ ಹೋಟೆಲುಗಳಲ್ಲಿ ನಿಗದಿತ ಮೊತ್ತಕ್ಕಿಂತ ಹೆಚ್ಚು ಬಿಲ್ಲಾದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಸೈಕಲ್ಲಿಗೆ ದುಡ್ಡಿಲ್ಲ, ಮೋಟರ್‌ಸೈಕಲ್ಲಿಗೆ ಪ್ರವೇಶವೇ ಇಲ್ಲ. ಪೆಸಿಫಿಕ್ ಗ್ರೋವ್ ಗೇಟಿನಿಂದ ಒಳಹೋಗಿ ಕಾರ್ಮೆಲ್ ಗೇಟಿನಿಂದ ಹೊರಬಿದ್ದರೆ ಕಡಲು ನಿಮ್ಮ ಬಲಕ್ಕೇ ಇರುತ್ತದೆ, ನಿಲ್ಲಿಸುವ ಜಾಗಗಳಿಗೆ ರಸ್ತೆ ದಾಟಿ ತಿರುಗಬೇಕಾಗಿಲ್ಲ. ಸೈಪ್ರೆಸ್ ಪಾಯಿಂಟ್ ನೋಟದ ಜಾಗವನ್ನು ಸೀಲ್‌ಗಳು ಮರಿ ಹಾಕುವ ಏಪ್ರಿಲ್-ಮೇ ತಿಂಗಳಲ್ಲಿ ಮುಚ್ಚಿರುತ್ತಾರೆ. ಲಾಡ್ಜ್ ಹತ್ತಿರ ಕಾರು ನಿಲ್ಲಿಸಿ ಕಟ್ಟಡದ ಹಿಂಬದಿಗೆ ಹೋದರೆ 18ನೇ ಗ್ರೀನ್ ಎದುರಿಗೇ ಇದೆ. ಯಾರೂ ತಡೆಯುವುದಿಲ್ಲ, ಹೊಡೆಯುವವರಿದ್ದಾಗ ಮಾತು ನಿಲ್ಲಿಸಿ, ಹುಲ್ಲಿನ ಮೇಲೆ ಇಳಿಯಬೇಡಿ. ಆಗಸ್ಟ್‌ನಲ್ಲಿ ಹಳೆ ಕಾರುಗಳ ಪ್ರದರ್ಶನ ನಡೆಯುವುದು ಇದೇ 18ನೇ ಹೋಲಿನ ಹುಲ್ಲಿನ ಮೇಲೆ, 1950ರಲ್ಲಿ ಶುರುವಾದದ್ದು. ಆ ವಾರ ಸಂದಣಿಗೆ ಹೋಗದಿರುವುದೇ ಲೇಸು.

ಮಕ್ಕಳಿದ್ದರೆ ಎದುರಿಗಿರುವ 'ದಿ ಹೇ' ಎಂಬ ಪುಟ್ಟ ಒಂಬತ್ತು ಹೋಲಿನ ಮೈದಾನ ನೋಡಿ. 2021ರಲ್ಲಿ ಟೈಗರ್ ವುಡ್ಸ್ ವಿನ್ಯಾಸದಲ್ಲಿ ಹೊಸದಾಗಿ ತೆರೆದದ್ದು. ಅದರ ಹೋಲ್‌ಗಳ ಉದ್ದದಲ್ಲಿ ಇಲ್ಲಿನ ಇತಿಹಾಸದ ಇಸವಿಗಳನ್ನು ಗಜಗಳಾಗಿ ಅಡಗಿಸಿದ್ದಾರೆ, ಪ್ರಸಿದ್ಧ ಏಳನೇ ಹೋಲಿನ ಪ್ರತಿರೂಪವೂ ಅಲ್ಲಿದೆ.

ಮುಖ್ಯ ಮೈದಾನದಲ್ಲೇ ಆಡುವ ಆಸೆ ಹುಟ್ಟಿದರೆ: ದರ ನೀವು ಕೇಳಿದಂತೆ ಆರುನೂರು ಡಾಲರಿಗೂ ಹೆಚ್ಚು, ಕೋಲುಗಳ ಚೀಲ ಹೊರುವ ಕ್ಯಾಡಿ ಮತ್ತು ಭಕ್ಷೀಸು ಬೇರೆ. ತಿಂಗಳುಗಳ ಮೊದಲೇ ಸಮಯ ಕಾದಿರಿಸಬೇಕಾದರೆ ಅವರದೇ ಹೋಟೆಲಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗಬೇಕು. ಉಳಿದವರು ಹಿಂದಿನ ದಿನ ಫೋನ್ ಮಾಡಿ ಖಾಲಿ ಇದೆಯೇ ಎಂದು ಕೇಳಬಹುದು. ನಾಲ್ವರ ಗುಂಪಿಗೆ ಸಿಗುವುದು ಕಷ್ಟ, ಒಬ್ಬರಿಗೆ ಮೂವರ ಗುಂಪಿನಲ್ಲಿ ಜಾಗ ಸಿಗುವುದು ಅಪರೂಪವಲ್ಲ. ಜೂನ್-ಜುಲೈನಲ್ಲಿ ಸನ್ನಿವೇಲ್‌ನಲ್ಲಿ ಸುಡುಬಿಸಿಲಿದ್ದರೂ ಇಲ್ಲಿ ಮಧ್ಯಾಹ್ನದವರೆಗೆ ಮಂಜು ಕವಿದಿರುತ್ತದೆ, ಅಪ್ಪ-ಅಮ್ಮನಿಗೆ ಸ್ವೆಟರ್ ಇಟ್ಟುಕೊಳ್ಳಿ. ದಿನ ಮುಂದೂಡಲು ಆಗುವುದಾದರೆ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು.